ಬಾಯ್ಲರಿನ ಹೊಗೆಯೊಂದಿಗೆ ಹೋಗುವ ಶಾಖ: ಶೇಕಡಾ 13 ಎಂಬ ಲೆಕ್ಕ ಸರಿಯೇ?

ಪ್ರಶ್ನೆ (ಮೈಸೂರಿನಿಂದ)
ಮಾನ್ಯರೇ, ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ರೇಷ್ಮೆ ನೂಲಿಗೆ ಬಣ್ಣ ಹಾಕುವ ಘಟಕದಲ್ಲಿ ಡೀಸೆಲ್ ಬರ್ನರಿನ ಬಿಸಿನೀರಿನ ಬಾಯ್ಲರ್ ಇದೆ. ಬಾಯ್ಲರಿನ ಹಿಂಬದಿಯ ಹೊಗೆಕೊಳವೆಯಲ್ಲಿ ಕೂರಿಸಿರುವ ಥರ್ಮಾಮೀಟರ್ 220 ಡಿಗ್ರಿ ತೋರಿಸುತ್ತದೆ. ಚಿಮಣಿಯ ಬುಡದಲ್ಲಿ ಅನಲೈಸರ್ (ಹೊಗೆಯಲ್ಲಿನ ಅನಿಲಗಳನ್ನು ಅಳೆಯುವ ಉಪಕರಣ) ಇಟ್ಟಾಗ ಆಮ್ಲಜನಕ ಶೇಕಡಾ 10 ಬಂದಿತು. ಕೋಣೆಯ ಗಾಳಿ 30 ಡಿಗ್ರಿ. ಇವನ್ನು ಸೇರಿಸಿ, ಶೇಕಡಾ 13ರಷ್ಟು ಶಾಖ ಹೊಗೆಯಲ್ಲಿ ಹೋಗುತ್ತಿದೆ, ಬರ್ನರಿನ ಗಾಳಿಯನ್ನು ತಗ್ಗಿಸಬೇಕು ಎಂದು ಸರ್ವಿಸಿಗೆ ಬಂದವರು ಹೇಳಿದ್ದಾರೆ. ಒಪ್ಪಬಹುದೇ?

ಉತ್ತರ (ಮಂಡ್ಯದಿಂದ)
ಸರ್, ಗುಣಾಕಾರದಲ್ಲಿ ತಪ್ಪಿಲ್ಲ. ಹೊಗೆಯೊಂದಿಗೆ ಹೋಗುವ ಶಾಖವನ್ನು ಅಂದಾಜಿಸುವ ಜೀಗರ್ಟ್ ಸೂತ್ರದಂತೆ 21ರಲ್ಲಿ ಆಮ್ಲಜನಕದ ಶೇಕಡಾವಾರನ್ನು ಕಳೆದು, ಡೀಸೆಲಿಗೆ ಗೊತ್ತುಪಡಿಸಿದ 0.68ನ್ನು ಆ ಶೇಷದಿಂದ ಭಾಗಿಸಿ, 0.007 ಕೂಡಿಸಿ, ಹೊಗೆಗೂ ಗಾಳಿಗೂ ಇರುವ 190 ಡಿಗ್ರಿ ವ್ಯತ್ಯಾಸದಿಂದ ಗುಣಿಸಿದರೆ 13.1 ಬರುತ್ತದೆ. ಆದರೆ ನಿಮ್ಮಲ್ಲಿ ಉಷ್ಣಾಂಶ ಒಂದೆಡೆಯದು, ಆಮ್ಲಜನಕ ಇನ್ನೊಂದೆಡೆಯದು. ನಡುವಿನ ಜೋಡಣೆಯಲ್ಲೋ ಡ್ಯಾಂಪರಿನಲ್ಲೋ (ಹೊಗೆಯ ಹರಿವನ್ನು ಹೆಚ್ಚು ಕಡಿಮೆ ಮಾಡುವ ತಟ್ಟೆ) ಹೊರಗಾಳಿ ನುಗ್ಗುತ್ತಿದ್ದರೆ ಈ ಲೆಕ್ಕ ನಷ್ಟವನ್ನು ಹೆಚ್ಚಿಸಿ ತೋರಿಸುತ್ತದೆ. ಎರಡನ್ನೂ ಒಂದೇ ರಂಧ್ರದಲ್ಲಿ ಅಳೆದಾಗ, ನುಗ್ಗಿದ ಗಾಳಿ ಆಮ್ಲಜನಕವನ್ನು ಏರಿಸುವುದರ ಜೊತೆಗೆ ಉಷ್ಣಾಂಶವನ್ನೂ ಇಳಿಸುವುದರಿಂದ, ನಷ್ಟದ ಅಂಕಿ ಹೆಚ್ಚು ಕದಲುವುದಿಲ್ಲ. ಬಾಯ್ಲರಿನ ಹತ್ತಿರವೇ, ಕೊಳವೆಯ ನಡುವೆ ಹೊಗೆ ಅತಿ ಬಿಸಿಯಾಗಿರುವಲ್ಲಿ ಅಳೆಯಿರಿ. ಗಾಳಿಯ ಉಷ್ಣಾಂಶವನ್ನು ಮಾತ್ರ ಬರ್ನರ್ ಗಾಳಿ ಎಳೆದುಕೊಳ್ಳುವ ಬಾಯಿಯಲ್ಲೇ ನೋಡಬೇಕು.

ಉತ್ತರ (ಮೈಸೂರಿನಿಂದ)
ಅಲ್ಲಿಯವರೆಗೆ ದಯವಿಟ್ಟು ಗಾಳಿಯನ್ನು ತಗ್ಗಿಸಬೇಡಿ. ಜ್ವಾಲೆಗೆ ಗಾಳಿ ಸಾಲದಿದ್ದರೆ ಕಾರ್ಬನ್ ಮಾನಾಕ್ಸೈಡ್ ಮತ್ತು ಮಸಿ ಹುಟ್ಟುತ್ತವೆ. ಮಸಿ ಟ್ಯೂಬುಗಳಿಗೆ ಅಂಟಿಕೊಂಡಂತೆ ಶಾಖ ನೀರಿಗೆ ಇಳಿಯದೆ ಹೊಗೆಯ ಉಷ್ಣಾಂಶ ಏರುತ್ತದೆ. ಹೊಗೆ ಸುಮಾರು 22 ಡಿಗ್ರಿ ಏರಿದರೆ ದಕ್ಷತೆ ಶೇಕಡಾ 1ರಷ್ಟು ಕುಸಿಯುತ್ತದೆಂಬುದು ಬಾಯ್ಲರ್ ಕೆಲಸದವರ ಅಂದಾಜು.

ಪ್ರಶ್ನೆ ಕೇಳಿದವರು
ಥರ್ಮಾಮೀಟರ್ ತೆಗೆದು, ಅದೇ ರಂಧ್ರದಲ್ಲಿ ಅನಲೈಸರ್ ಇರಿಸಿ ನೋಡಿದೆವು. ಉಷ್ಣಾಂಶ 220, ಆಮ್ಲಜನಕ ಶೇಕಡಾ 6. ನಷ್ಟ ಶೇಕಡಾ 9.9. ಮುಂದಿನ ಜೋಡಣೆಯ ಪ್ಯಾಕಿಂಗ್ ಸುಟ್ಟುಹೋಗಿತ್ತು, ಅದನ್ನು ಬದಲಾಯಿಸಲಾಗುತ್ತಿದೆ. ಇಬ್ಬರಿಗೂ ಕೃತಜ್ಞತೆಗಳು. ಇದೇ ಲೆಕ್ಕವನ್ನು ನಮ್ಮ ಬಂಧುಗಳ ಆಲೆಮನೆಯ ಒಲೆಗೂ ಬಳಸಬಹುದೇ?

ಉತ್ತರ (ಮಂಡ್ಯದಿಂದ)
ಬೇಡಿ ಸರ್. 0.68 ಡೀಸೆಲಿನ ಅಂಕಿ. ಕಬ್ಬಿನ ಸಿಪ್ಪೆ ಗಾಣದಿಂದ ಬಂದಾಗ ಅದರ ತೂಕದ ಅರ್ಧದಷ್ಟು ನೀರೇ ಇರುತ್ತದೆ, ಒಣಗಿಸಿದ ಮೇಲೂ ಸ್ವಲ್ಪ ಉಳಿಯುತ್ತದೆ. ಆ ನೀರನ್ನು ಆವಿಯಾಗಿಸಲು ಹೋಗುವ ಶಾಖ ಈ ಸೂತ್ರದಲ್ಲಿ ಸೇರಿಲ್ಲವಾದ್ದರಿಂದ, ಅಲ್ಲಿ ಸಿಪ್ಪೆಯ ತೇವವನ್ನು ಮೊದಲು ಅಳೆದು, ಆ ನಷ್ಟವನ್ನು ಬೇರೆಯಾಗಿಯೇ ಲೆಕ್ಕ ಹಾಕಬೇಕು.