ಗೀಸರ್ ನಿಧಾನ: ತಪ್ಪು ಎಲಿಮೆಂಟಿನದೋ, ವೈರಿನದೋ?

ಪ್ರಶ್ನೆ (ಸುಂಟಿಕೊಪ್ಪ ಕಡೆಯ ತೋಟದವರು): ನಮಸ್ಕಾರ ಸರ್. ತೋಟದ ಮನೆಯಿಂದ ನೂರು ಮೀಟರ್ ಕೆಳಗೆ ಹೋಂಸ್ಟೇಗೆಂದು ಎರಡು ಕೋಣೆ ಕಟ್ಟಿಸಿದ್ದೇವೆ. ಅಲ್ಲಿಯ ಗೀಸರ್ 15 ಲೀಟರಿನದು, ಮೇಲೆ 230 ವೋಲ್ಟ್, 2000 ವಾಟ್ ಎಂದಿದೆ. ಮಳೆ ಹಿಡಿದ ಮೇಲೆ ನೀರು ಕಾಯಲು ಹತ್ತಿರ ಹತ್ತಿರ ಅರ್ಧ ಗಂಟೆ. ಬೆಂಗಳೂರಿಂದ ಬಂದವರು ಟವೆಲ್ ಹೆಗಲಿಗೆ ಹಾಕಿಕೊಂಡು ಜಗಲಿಯಲ್ಲಿ ಕೂತಿರ್ತಾರೆ. ಮೆಕ್ಯಾನಿಕ್ ಬಂದು ಗೀಸರ್ ಆಫ್ ಮಾಡಿ ಪಾಯಿಂಟಿನಲ್ಲಿ ಮೀಟರ್ ಇಟ್ಟು ನೋಡಿದ. "ವೋಲ್ಟೇಜ್ ಸರಿ ಇದೆ, ಎಲಿಮೆಂಟ್ ಹೋಗಿದೆ" ಅಂದ. ಬದಲಾಯಿಸಬೇಕಾ?

ಉತ್ತರ (ಗೋಣಿಕೊಪ್ಪದ ಎಲೆಕ್ಟ್ರಿಷಿಯನ್): ಸದ್ಯಕ್ಕೆ ಬೇಡ. ಎಲಿಮೆಂಟ್, ಅಂದರೆ ನೀರು ಕಾಯಿಸುವ ಸುರುಳಿ, ತುಂಡಾಗಿದ್ದರೆ ನೀರು ಬೆಚ್ಚಗೂ ಆಗುತ್ತಿರಲಿಲ್ಲ. ಗೀಸರ್ ಆಫ್ ಮಾಡಿ ವೋಲ್ಟೇಜ್ ನೋಡಿದರೆ ವೈರಿನ ತಪ್ಪು ತಿಳಿಯುವುದಿಲ್ಲ. ಕರೆಂಟ್ ಹರಿಯದಿದ್ದರೆ ವೈರಿನಲ್ಲಿ ವೋಲ್ಟೇಜ್ ಬೀಳುವುದೂ ಇಲ್ಲ. ಗೀಸರ್ ಓಡುತ್ತಿರುವಾಗ ಮೂರು ಅಳತೆ ಬೇಕು: ಮೇನ್ ಮೀಟರ್ ಹತ್ತಿರದ ವೋಲ್ಟೇಜ್, ಗೀಸರ್ ಪಾಯಿಂಟಿನ ವೋಲ್ಟೇಜ್, ಕ್ಲಾಂಪ್ ಮೀಟರಿನಲ್ಲಿ ಆಂಪಿಯರ್. ನೀವೇ ಕೈ ಹಾಕಬೇಡಿ, ಕೆಲಸ ಬಲ್ಲವರಿಂದ ಮಾಡಿಸಿ.

ಪ್ರಶ್ನೆ ಕೇಳಿದವರು: ಇವತ್ತು ಮಾಡಿಸಿದೆವು. ಮೇನ್ ಹತ್ತಿರ 200, ಗೀಸರ್ ಹತ್ತಿರ 180, ಕರೆಂಟ್ 6.8 ಆಂಪಿಯರ್. ವೈರ್ ತಾಮ್ರದ್ದು, 1.5 ಚದರ ಮಿಲಿಮೀಟರ್.

ಉತ್ತರ: ಇಷ್ಟಿದ್ದರೆ ಸಾಕು. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ, ಅಂದರೆ ಕರೆಂಟಿಗೆ ಆಗುವ ತಡೆ: 180 ಭಾಗ 6.8, ಅಂದರೆ ಸುಮಾರು 26.5 ಓಮ್. ಹೊಸದಾಗಿದ್ದಾಗ ಎಷ್ಟಿರಬೇಕಿತ್ತು? 230 ರ ವರ್ಗವನ್ನು 2000 ದಿಂದ ಭಾಗಿಸಿ: 26.45. ಎಲಿಮೆಂಟ್ ಗಟ್ಟಿಮುಟ್ಟಾಗಿದೆ.

ಇನ್ನು ವೋಲ್ಟನ್ನು ಆಂಪಿಯರಿನಿಂದ ಗುಣಿಸಿ: 1224 ವಾಟ್. ಎರಡು ಸಾವಿರದ ಗೀಸರ್ ನಿಮ್ಮಲ್ಲಿ ಸಾವಿರದ ಇನ್ನೂರರ ಕೆಲಸ ಮಾಡುತ್ತಿದೆ. ವೋಲ್ಟೇಜ್ ಕಾಲು ಭಾಗವೂ ಕಡಿಮೆಯಾಗಿಲ್ಲ, ಶಕ್ತಿ ಮಾತ್ರ ಶೇಕಡಾ 39 ಹೋಗಿದೆ. ವೋಲ್ಟೇಜ್ ಇಳಿದಾಗ ಕರೆಂಟೂ ಅದರ ಜೊತೆಗೇ ಇಳಿಯುತ್ತದಲ್ಲ, ಪೆಟ್ಟು ಎರಡು ಸಲ. 15 ಲೀಟರ್ ನೀರನ್ನು 30 ಡಿಗ್ರಿ ಏರಿಸಲು 2000 ವಾಟಿಗೆ 16 ನಿಮಿಷ ಸಾಕು, 1224 ಕ್ಕೆ 26 ಬೇಕು.

ಆ ಹತ್ತು ನಿಮಿಷದಲ್ಲಿ ಐದು ಲೈನಿನವರ ಪಾಲು. ಮನೆಗೆ ಬರುವ ವೋಲ್ಟೇಜ್ 230 ಕ್ಕಿಂತ ಶೇಕಡಾ 6 ರಷ್ಟು ಮಾತ್ರ ಹೆಚ್ಚುಕಮ್ಮಿ ಇರಬಹುದು, ಅಂದರೆ 216 ಕ್ಕಿಂತ ಕೆಳಗೆ ಬರಬಾರದು. ಅಳತೆ ಬರೆದು ದೂರು ಕೊಡಿ. ಉಳಿದ ಐದು ನಿಮಿಷ ನಿಮ್ಮದೇ ವೈರಿನದು, ನನಗೆ ಚಿಂತೆ ಅದರದ್ದೇ. 20 ವೋಲ್ಟ್ ದಾರಿಯಲ್ಲೇ ಹೋಗುತ್ತಿದೆ: 20 ಭಾಗ 6.8, 2.9 ಓಮ್. ನಿಮ್ಮ ವೈರ್ ಕಿಲೋಮೀಟರಿಗೆ 12.1 ಓಮ್, ಹೋಗಿ ಬರುವುದು 200 ಮೀಟರ್ ಹಿಡಿದರೆ 2.4 ಓಮ್ ಅಷ್ಟೇ ಇರಬೇಕು. ಮೇಲಿನ ಅರ್ಧ ಓಮ್ ಎಲ್ಲಿಂದ ಬಂತು? ಯಾವುದೋ ಜಾಯಿಂಟ್ ಸಡಿಲವಾಗಿದೆ ಅನ್ನೋದು ನನ್ನ ಅಂದಾಜು. ಅರ್ಧ ಓಮ್ ಅಂದರೆ ಅಲ್ಲಿ 23 ವಾಟ್ ಶಾಖ, ಹತ್ತಿರ ಹತ್ತಿರ ಒಂದು ಸೋಲ್ಡರಿಂಗ್ ಐರನ್ ಟೇಪಿನೊಳಗೆ ಸುತ್ತಿಟ್ಟ ಹಾಗೆ. ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಬೀಳುವುದಿಲ್ಲ, ಏಕೆಂದರೆ ಕರೆಂಟ್ ಹೆಚ್ಚಾಗಿಲ್ಲ, ಕಡಿಮೆಯಾಗಿದೆ. ಮೇನ್ ಇಳಿಸಿ, ಮಳೆ ನಿಂತಾಗ ಹುಡುಕಿಸಿ.

ಇನ್ನೊಬ್ಬರು (ಸೋಮವಾರಪೇಟೆ): ಅಣ್ಣಾ, ನಮ್ಮ ಸ್ಪ್ರಿಂಕ್ಲರ್ ಪಂಪಿನ ವೈಂಡಿಂಗ್ 4 ಓಮ್ ತೋರಿಸ್ತದೆ. ನಿಮ್ಮ ಲೆಕ್ಕದಲ್ಲಿ 230 ಭಾಗ 4, 57 ಆಂಪಿಯರ್ ಆಗ್ತದೆ, ಫ್ಯೂಸ್ ಯಾಕೆ ಹಾರಲಿಲ್ಲ?

ಉತ್ತರ: ಈ ಲೆಕ್ಕ ಗೀಸರ್, ಇಸ್ತ್ರಿಪೆಟ್ಟಿಗೆಯಂಥವಕ್ಕೆ. ತಿರುಗುವ ಮೋಟಾರು ತಾನೇ ಎದುರು ವೋಲ್ಟೇಜ್ ಹುಟ್ಟಿಸಿ ಕರೆಂಟನ್ನು ತಡೆಯುತ್ತದೆ. ವಾಟ್ ಲೆಕ್ಕಕ್ಕೂ ವೋಲ್ಟ್, ಆಂಪಿಯರ್ ಜೊತೆ ಪವರ್ ಫ್ಯಾಕ್ಟರನ್ನು (ಅದರಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) ಗುಣಿಸಬೇಕು. ಇನ್ನೊಂದು: ವೋಲ್ಟೇಜ್ ಬಿದ್ದರೆ ಗೀಸರ್ ಕಡಿಮೆ ಕರೆಂಟ್ ಎಳೆಯುತ್ತದೆ, ಭಾರ ಹೊತ್ತ ಮೋಟಾರು ಹೆಚ್ಚು ಎಳೆದು ಸುಟ್ಟುಹೋಗುತ್ತದೆ. 180 ರಲ್ಲಿ ಪಂಪ್ ಓಡಿಸಲೇಬೇಡಿ.

ಪ್ರಶ್ನೆ ಕೇಳಿದವರು: ಸರ್, ಸಿಕ್ಕಿತು! ಹಲಸಿನ ಮರದ ಬುಡದಲ್ಲಿ ಟೇಪ್ ಸುತ್ತಿದ ಜಾಯಿಂಟ್, ಒಳಗೆಲ್ಲ ಕಪ್ಪಗೆ ಸುಟ್ಟಿತ್ತು. ಹೊಸದಾಗಿ ಹಾಕಿಸಿದ ಮೇಲೆ ಗೀಸರ್ ಹತ್ತಿರ 183. ನೀರು ಮಾತ್ರ ಹೆಚ್ಚುಕಮ್ಮಿ ಅಷ್ಟೇ ಹೊತ್ತು ತಗೊಳ್ತದೆ. ಬಿಲ್ಲೂ ದುಪ್ಪಟ್ಟು ಬರ್ತದಾ?

ಉತ್ತರ: ಜಾಯಿಂಟ್ ಸರಿ ಮಾಡಿದ್ದು ಬೆಂಕಿಯ ಭಯಕ್ಕೆ, ಸಮಯದಲ್ಲಿ ಒಂದು ನಿಮಿಷ ಉಳಿದರೆ ಹೆಚ್ಚು. ಬಿಲ್ ದುಪ್ಪಟ್ಟಾಗುವುದಿಲ್ಲ, ಅಷ್ಟು ನೀರು ಕಾಯಲು ಸುಮಾರು ಅರ್ಧ ಯೂನಿಟ್, ಬೇಗ ಕಾದರೂ ನಿಧಾನಕ್ಕೆ ಕಾದರೂ ಅಷ್ಟೇ. ವೈರಿನಲ್ಲಿ ಪೋಲಾಗುವುದು ಅದರ ಮೇಲೆ ಹತ್ತನೇ ಒಂದು ಪಾಲು. ಮಳೆಗಾಲ ಕಳೆದ ಮೇಲೆ 4 ಚದರ ಮಿಲಿಮೀಟರಿನ ತಾಮ್ರದ ವೈರ್ ಎಳೆಸಿ, ನಡುವೆ ಜಾಯಿಂಟ್ ಬೇಡ. ಆಗ ಮೇನ್ ಹತ್ತಿರ 200 ಇದ್ದರೂ ಗೀಸರಿಗೆ 193 ಸಿಗುತ್ತದೆ, 1400 ವಾಟ್. ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್) ಇಲ್ಲದಿದ್ದರೆ ಮಾತ್ರ ಮಳೆಗಾಲ ಮುಗಿಯುವವರೆಗೆ ಕಾಯಬೇಡಿ, ಈ ವಾರವೇ 30 ಮಿಲಿ ಆಂಪಿಯರಿನದು ಹಾಕಿಸಿ.