ಗೂಡಿನ ರೇಟು ಹಾಕುವ ವೆಬ್‌ಸೈಟಿಗೆ ಯಾವ ಸಿಎಂಎಸ್ ಸರಿ?

ಶಿಡ್ಲಘಟ್ಟದ ರೀಲರ್ ಮಗಳು
ನಮಸ್ಕಾರ. ನಮ್ಮ ಮನೆಯಲ್ಲಿ ರೇಷ್ಮೆ ನೂಲು ತೆಗೆಯುತ್ತೇವೆ. ಊರಿನ ರೈತರಿಗೆ, ರೀಲರ್‌ಗಳಿಗೆ ಅಂತ ಸಣ್ಣ ವೆಬ್‌ಸೈಟ್ ನಡೆಸುತ್ತಿದ್ದೇನೆ. ದಿನಾ ಗೂಡಿನ ರೇಟು, ಜೊತೆಗೆ ಹುಳುವಿನ ರೋಗಗಳ ಬಗ್ಗೆ ಬರಹ. ಈಗಿರುವುದು ಬರೀ ಎಚ್‌ಟಿಎಂಎಲ್ ಪುಟಗಳು. ಒಂದು ಅಂಕಿ ಬದಲಿಸಬೇಕಾದರೂ ರಾತ್ರಿ ನಾನೇ ಲ್ಯಾಪ್‌ಟಾಪ್ ತೆರೆದು ಫೈಲ್ ತಿದ್ದಿ ಹಾಕಬೇಕು. ಅಷ್ಟು ಹೊತ್ತಿಗೆ ಆ ರೇಟು ಯಾರಿಗೆ ಬೇಕು? ಅಪ್ಪ ಮಾರ್ಕೆಟ್‌ನಲ್ಲೇ ನಿಂತು ಫೋನಿಂದ ಹಾಕುವಂತಿರಬೇಕು. ಅದಕ್ಕೆ ಸಿಎಂಎಸ್, ಅಂದರೆ ಕೋಡ್ ಮುಟ್ಟದೆ ಸೈಟಿಗೆ ಬರಹ ಹಾಕಿ ತಿದ್ದುವ ಸಾಫ್ಟ್‌ವೇರ್ ಬೇಕು. ವರ್ಡ್‌ಪ್ರೆಸ್, ಜೂಮ್ಲಾ, ಡ್ರುಪಾಲ್, ಇವುಗಳಲ್ಲಿ ಯಾವುದು ಹಾಕಲಿ?

ಇನ್ನೊಂದು ತಲೆನೋವು. ಹಾಲುತೊಂಡೆ, ಸುಣ್ಣಕಟ್ಟು ರೋಗದ ಬರಹಗಳೆಲ್ಲ ಹಳೇ ನುಡಿ ಫಾಂಟಿನಲ್ಲಿವೆ. ಪೇಸ್ಟ್ ಮಾಡಿದರೆ ಇಂಗ್ಲಿಷ್ ಅಕ್ಷರಗಳ ರಾಶಿ ಬೀಳುತ್ತದೆ.

ತುಮಕೂರು ಹುಡುಗ
ಡ್ರುಪಾಲ್ ನೋಡಿ ಅಕ್ಕ. ದಿನಾಂಕ, ತಳಿ, ಕನಿಷ್ಠ, ಗರಿಷ್ಠ, ಸರಾಸರಿ ಅಂತ ಬೇರೆ ಬೇರೆ ಖಾನೆ ಮಾಡಿಕೊಂಡರೆ ಹೋದ ವರ್ಷದ ರೇಟನ್ನೂ ಪಟ್ಟಿಯಾಗಿ ತೋರಿಸಬಹುದು.

ಕೋಲಾರದ ಮೇಷ್ಟ್ರು
ಡ್ರುಪಾಲ್ ಒಳ್ಳೆಯದೇ, ಆದರೆ ನೋಡಿಕೊಳ್ಳುವವರು ಯಾರಮ್ಮ? ಒಂದು ಸಂಘಕ್ಕೆ ಡ್ರುಪಾಲ್ 7ರಲ್ಲಿ ಸೈಟ್ ಮಾಡಿಕೊಟ್ಟಿದ್ದೆ. 2025ರ ಜನವರಿಗೆ ಅದರ ಸಪೋರ್ಟ್ ಮುಗಿಯಿತು. ಹೊಸ ಆವೃತ್ತಿಗೆ ಹೋಗುವುದು ಅಂದರೆ ಹಳೇ ಮನೆ ಕೆಡವಿ ಕಟ್ಟಿದ ಹಾಗೆಯೇ ಆಯಿತು. ನೀನು ಒಬ್ಬಳೇ ಇದ್ದೀಯ, ವರ್ಡ್‌ಪ್ರೆಸ್ ಹಾಕು. ಫೋನಿಗೆ ಆ್ಯಪ್ ಇದೆ. ಅಪ್ಪನಿಗೆ ಬೇರೆ ಲಾಗಿನ್ ಮಾಡಿ 'ಆಥರ್' ಅಂತ ಕೊಡು. ತಮ್ಮ ಪೋಸ್ಟ್ ತಾವೇ ಹಾಕಬಹುದು, ಸೈಟಿನ ಸೆಟ್ಟಿಂಗ್ ಕೈಗೆ ಸಿಗುವುದಿಲ್ಲ. ಪ್ಲಗಿನ್, ಅಂದರೆ ಮೇಲಿಂದ ಸೇರಿಸುವ ಸಣ್ಣ ಸಾಫ್ಟ್‌ವೇರ್, ಜಾಸ್ತಿ ತುಂಬಬೇಡ. ಹಾಕಿದ್ದನ್ನು ಅಪ್‌ಡೇಟ್ ಮಾಡುತ್ತಿರು.

ಶೀರ್ಷಿಕೆ ಕನ್ನಡದಲ್ಲೇ ಇರಲಿ, ಲಿಂಕ್ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಕೊಡು. ಕನ್ನಡ ಲಿಂಕನ್ನು ವರ್ಡ್‌ಪ್ರೆಸ್ ಶೇಕಡಾ (%) ಗುರುತಿನ ಸಂಕೇತಗಳಾಗಿ ಬದಲಿಸಿ ಇಡುತ್ತದೆ. 'ಗೂಡು' ಅನ್ನುವ ಎರಡಕ್ಷರವೇ 36 ಜಾಗ ತಿನ್ನುತ್ತದೆ. ಲಿಂಕಿನ ಆ ಭಾಗಕ್ಕೆ ಇರುವುದೇ 200 ಜಾಗ. ಉದ್ದ ಶೀರ್ಷಿಕೆಯಿಂದ ಬಂದ ಲಿಂಕ್ ಅರ್ಧಕ್ಕೇ ತುಂಡಾಗುತ್ತದೆ.

ನುಡಿ ಬರಹಗಳನ್ನು ಕನ್ವರ್ಟರ್‌ನಲ್ಲಿ ಯೂನಿಕೋಡ್‌ಗೆ, ಅಂದರೆ ಎಲ್ಲ ಫೋನ್, ಕಂಪ್ಯೂಟರ್‌ಗೂ ಅರ್ಥವಾಗುವ ಅಕ್ಷರ ಸಂಕೇತಕ್ಕೆ, ತಿರುಗಿಸು. ಆಮೇಲೆ ಅರ್ಕಾವತ್ತು ಇರುವ ಪದಗಳನ್ನೆಲ್ಲ ಓದಿ ನೋಡು. ಔಷಧಿ ಪ್ರಮಾಣ ಬರೆದಿರುವ ಕಡೆ ಒಂದೊಂದು ಅಂಕಿಯನ್ನೂ ಹಳೇ ಹಾಳೆ ಪಕ್ಕ ಇಟ್ಟು ಹೋಲಿಸು. ಅಲ್ಲಿ ಒಂದು ಸೊನ್ನೆ ತಪ್ಪಿದರೆ ಹೋಗುವುದು ರೈತರ ಬೆಳೆ.

ತುಮಕೂರು ಹುಡುಗ
ಸಾರ್ ಹೇಳಿದ್ದು ಸರಿ. ಖಾನೆಗಳನ್ನು ವರ್ಡ್‌ಪ್ರೆಸ್‌ನಲ್ಲೂ ಮಾಡಿಕೊಳ್ಳಬಹುದು ಅಕ್ಕ. ಬ್ಯಾಕಪ್ ಮಾತ್ರ ಹೋಸ್ಟಿಂಗ್‌ನವರ ಹತ್ತಿರವೇ ಬಿಡಬೇಡಿ, ಒಂದು ಪ್ರತಿ ನಿಮ್ಮ ಪೆನ್‌ಡ್ರೈವ್‌ನಲ್ಲೂ ಇರಲಿ.

ಶಿಡ್ಲಘಟ್ಟದ ರೀಲರ್ ಮಗಳು
ಮೇಷ್ಟ್ರೇ, ವರ್ಡ್‌ಪ್ರೆಸ್ ಹಾಕಿದೆ. ಇವತ್ತು ಅಪ್ಪ ಮಾರ್ಕೆಟ್‌ನಿಂದಲೇ ಮೊದಲ ರೇಟು ಹಾಕಿದರು. ಸರಾಸರಿ ಇರಬೇಕಾದ ಕಡೆ ಗರಿಷ್ಠ ಬಿದ್ದಿತ್ತು. ನಾನು ಫೋನ್ ಮಾಡುವಷ್ಟರಲ್ಲಿ ಅವರೇ ತಿದ್ದಿದ್ದರು. ಸುಣ್ಣಕಟ್ಟಿನ ಬರಹವನ್ನು ಭಾನುವಾರ ಹಾಳೆ ಪಕ್ಕ ಇಟ್ಟುಕೊಂಡು ಕೂರುತ್ತೇನೆ.