ಅಡುಗೆಮನೆ ಕಪಾಟಿಗೆ ಡಬ್ಬಗಳು: ಎಷ್ಟು ಲೀಟರಿನದು, ಯಾವ ಆಕಾರದ್ದು?

ಪ್ರಶ್ನೆ

ದಿನಸಿ ಇಡುವ ಕಪಾಟು 75 ಸೆಂ.ಮೀ. ಅಗಲ, 40 ಸೆಂ.ಮೀ. ಆಳ ಇದೆ. ಎರಡು ಹಲಗೆಗಳ ನಡುವೆ 30 ಸೆಂ.ಮೀ. ಎತ್ತರ. ಸುಮಾರು 25 ಬಗೆಯ ಸಾಮಾನು, ಎಲ್ಲವೂ ರಬ್ಬರ್ ಬ್ಯಾಂಡ್ ಸುತ್ತಿದ ಪ್ಯಾಕೆಟ್‌ಗಳಲ್ಲೇ ಇವೆ. ಹಿಟ್ಟಿಗೆ ಹುಳ ಬೀಳುತ್ತಿದೆ, ಸಕ್ಕರೆ ಗಂಟು ಕಟ್ಟುತ್ತಿದೆ, ಹಿಂದೆ ಏನಿದೆ ಎಂದು ಗೊತ್ತಾಗದೆ ಇದ್ದದ್ದನ್ನೇ ಮತ್ತೆ ತರುವಂತಾಗಿದೆ. ಒಂದೇ ನಮೂನೆಯ ಡಬ್ಬಗಳ ಸೆಟ್ ಕೊಂಡರೆ ಸಾಕೇ? ಗಾಜೋ, ಪ್ಲಾಸ್ಟಿಕ್ಕೋ, ಸ್ಟೀಲೋ?

ಉತ್ತರ 1

ಸೆಟ್ ಈಗಲೇ ಕೊಳ್ಳಬೇಡಿ. ಸೆಟ್ಟಿನಲ್ಲಿ ಅರ್ಧ ಡಬ್ಬಗಳು ಅರ್ಧ ಲೀಟರಿನವೇ ಇರುತ್ತವೆ. ಒಂದು ಪ್ಯಾಕೆಟ್ ಪೂರ್ತಿ ಹಿಡಿಸದೆ ಉಳಿದದ್ದು ಮತ್ತೆ ರಬ್ಬರ್ ಬ್ಯಾಂಡಿಗೇ ಹೋಗುತ್ತದೆ. ಮೊದಲು ಪ್ರತಿ ಸಾಮಾನನ್ನೂ ಒಂದು ಸಲಕ್ಕೆ ಎಷ್ಟು ಕೆ.ಜಿ. ತರುತ್ತೀರಿ ಎಂದು ಬರೆದುಕೊಳ್ಳಿ. ಪ್ಯಾಕೆಟ್ಟಿನ ಮೇಲಿರುವುದು ತೂಕ, ಡಬ್ಬದ ಮೇಲಿರುವುದು ಲೀಟರ್. ಎಡವುವುದು ಇಲ್ಲೇ. ಅಕ್ಕಿ, ಬೇಳೆ, ಸಕ್ಕರೆ ಒಂದು ಕೆ.ಜಿ.ಗೆ ಸುಮಾರು 1.2 ಲೀಟರ್ ಜಾಗ ಬೇಡುತ್ತವೆ. ಪುಡಿ ಉಪ್ಪಿಗೆ 1 ಲೀಟರಿನದು ಸಾಕು. ಹಿಟ್ಟಿಗೆ 1.8 ಲೀಟರಿನಷ್ಟು ಬೇಕು, ಓಟ್ಸ್‌ಗಂತೂ ಎರಡೂವರೆ ಲೀಟರಿಗೂ ಹೆಚ್ಚು. ಡಬ್ಬದ ಮೇಲೆ ಬರೆದ ಲೀಟರ್ ಕಂಠಪೂರ್ತಿ ತುಂಬಿದ ಲೆಕ್ಕ. ಸೌಟು ಆಡಲು ಮೇಲೆ 2–3 ಸೆಂ.ಮೀ. ಬಿಡಬೇಕು. ಹಾಗಾಗಿ 2 ಕೆ.ಜಿ. ಹಿಟ್ಟಿಗೆ 4 ಲೀಟರಿನ ಡಬ್ಬ, 5 ಕೆ.ಜಿ. ಅಕ್ಕಿಗೆ 7 ಲೀಟರಿನದು.

ಆಕಾರ ಚೌಕವೇ ಇರಲಿ. 10 ಸೆಂ.ಮೀ. ಅಗಲದ ಚೌಕ ಡಬ್ಬ 20 ಸೆಂ.ಮೀ. ಎತ್ತರಕ್ಕೆ 2 ಲೀಟರ್ ಹಿಡಿಸುತ್ತದೆ. ಅಷ್ಟೇ ಅಗಲದ ದುಂಡನೆಯದು 1.57 ಲೀಟರ್ ಮಾತ್ರ. ಹಲಗೆಯ ಮೇಲೆ ಎರಡೂ ಹಿಡಿಯುವ ಜಾಗ ಒಂದೇ, ದುಂಡನೆಯದರ ಸುತ್ತ ಐದರಲ್ಲೊಂದು ಪಾಲಿಗಿಂತ ಹೆಚ್ಚು ಜಾಗ ಸುಮ್ಮನೆ ಹೋಗುತ್ತದೆ. ನಿಮ್ಮ 30 ಸೆಂ.ಮೀ. ಎತ್ತರದಲ್ಲಿ ಮುಚ್ಚಳ ಸೇರಿ 25 ಸೆಂ.ಮೀ. ದಾಟಬೇಡಿ, ಕೈ ಹೋಗಲು 5 ಸೆಂ.ಮೀ. ಬೇಕು. ಅಗಲವನ್ನು ಬಾಗಿಲಿನ ಹಿಂಜ್ ಇರುವ ಕಡೆ ಅಳೆಯಿರಿ. ಒಳಗೆ 75 ಇದ್ದರೂ ಬಾಯಿಯಲ್ಲಿ ಎರಡು ಮೂರು ಸೆಂ.ಮೀ. ಕಡಿಮೆ ಇರುವುದುಂಟು.

ಉತ್ತರ 2

ಹುಳದ ವಿಷಯ ಬೇರೆಯಾಗಿಯೇ ನೋಡಬೇಕು. ಗಾಳಿಯಾಡದ ಡಬ್ಬ ಹೊರಗಿನ ಹುಳವನ್ನು ತಡೆಯುತ್ತದೆ, ಒಳಗಿರುವ ಮೊಟ್ಟೆಯನ್ನಲ್ಲ. ಅಕ್ಕಿಯ ಸೊಂಡಿಲು ಹುಳ ಕಾಳನ್ನು ಕೊರೆದು ಒಳಗೆ ಮೊಟ್ಟೆಯಿಟ್ಟು ರಂಧ್ರವನ್ನು ಮುಚ್ಚಿಬಿಡುತ್ತದೆ. ತಂದಾಗ ಚೊಕ್ಕಟವಾಗಿ ಕಂಡ ಅಕ್ಕಿಯಲ್ಲಿ ಸೆಕೆಗಾಲದಲ್ಲಿ ಸುಮಾರು ಒಂದು ತಿಂಗಳಿಗೆ ಹುಳ ಹೊರಬರುವುದು ಇದರಿಂದಲೇ. ಡಬ್ಬ ಕೆಟ್ಟದ್ದು ಎಂದು ಬೈದು ಫಲವಿಲ್ಲ.

ಹೊಸ ಅಕ್ಕಿ, ಹಿಟ್ಟು, ಕಾಳುಗಳನ್ನು ಕೆ.ಜಿ. ಕೆ.ಜಿ.ಯಾಗಿ ವಿಂಗಡಿಸಿ, ಬಿಗಿಯಾಗಿ ಕಟ್ಟಿ, ಫ್ರೀಜರಿನಲ್ಲಿ ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ 4 ದಿನ ಇಡಿ. ದೊಡ್ಡ ಚೀಲವನ್ನು ಹಾಗೇ ಇಟ್ಟರೆ ನಡುಭಾಗಕ್ಕೆ ತಣ್ಪು ತಲುಪಲು ತುಂಬಾ ಹೊತ್ತು ಬೇಕು. ಹೊರತೆಗೆದ ಮೇಲೆ ಪೂರ್ತಿ ಕೋಣೆಯ ಬಿಸಿಗೆ ಬರುವವರೆಗೂ ಕಟ್ಟು ಬಿಚ್ಚಬಾರದು. ಆತುರಪಟ್ಟರೆ ತಣ್ಣನೆಯ ಹಿಟ್ಟಿನ ಮೇಲೆ ಗಾಳಿಯ ತೇವ ಕೂತು ಗಂಟಾಗುತ್ತದೆ, ಆಮೇಲೆ ಬೂಷ್ಟು.

ಹಿಟ್ಟಿನಲ್ಲಿ ಜೇಡರ ಬಲೆಯಂಥ ನೂಲು ಕಂಡರೆ ಅದು ಪತಂಗದ ಮರಿಹುಳ. ಇದು ತೆಳು ಪ್ಲಾಸ್ಟಿಕ್ ಚೀಲವನ್ನು ಕಚ್ಚಿ ತೂತು ಮಾಡಬಲ್ಲದು. ಆ ಪ್ಯಾಕೆಟ್ ಎಸೆದರೆ ಮುಗಿಯಲಿಲ್ಲ, ಹಲಗೆಯ ಗೂಟದ ತೂತು, ಮೂಲೆಯ ಸಂದು, ಮುಚ್ಚಳದ ಅಂಚಿನಲ್ಲಿ ಗೂಡು ಕಟ್ಟಿರುತ್ತದೆ. ಒರೆಸುವ ಮುಂಚೆ ವ್ಯಾಕ್ಯೂಮ್ ಕ್ಲೀನರಿನ ಸಪೂರ ಮೂತಿಯಿಂದ ಎಳೆಯಿರಿ.

ಇನ್ನೊಂದು ಮಾತು. ಹಳೆಯ ಹಿಟ್ಟಿನ ಮೇಲೆ ಹೊಸದನ್ನು ಸುರಿಯುವ ಅಭ್ಯಾಸ ದಯವಿಟ್ಟು ಬಿಡಿ. ತಳದಲ್ಲಿ ಉಳಿದದ್ದೇ ಹೊಸದನ್ನೂ ಕೆಡಿಸುತ್ತದೆ.

ಪ್ರಶ್ನೆ ಕೇಳಿದವರಿಂದ

ತುಂಬಾ ಉಪಕಾರವಾಯಿತು. ಎಲ್ಲ ಡಬ್ಬಗಳ ಮೇಲೂ ‘ಏರ್‌ಟೈಟ್’ ಎಂದೇ ಬರೆದಿರುತ್ತದಲ್ಲ, ನಿಜವೋ ಅಲ್ಲವೋ ತಿಳಿಯುವುದು ಹೇಗೆ?

ಉತ್ತರ 3

ಕಾಲುಭಾಗ ನೀರು ಹಾಕಿ, ಮುಚ್ಚಿ, ಟಿಶ್ಯೂ ಕಾಗದದ ಮೇಲೆ 10 ನಿಮಿಷ ತಲೆಕೆಳಗಾಗಿ ಇಡಿ. ಒಂದು ಹನಿ ಇಳಿದರೂ ಅದು ಏರ್‌ಟೈಟ್ ಅಲ್ಲ. ಅಂಗಡಿಯಲ್ಲಾದರೆ ಕಾಗದದ ಪಟ್ಟಿಯನ್ನು ಮುಚ್ಚಳಕ್ಕೆ ಸಿಕ್ಕಿಸಿ ನಾಲ್ಕೂ ಬದಿಯಲ್ಲಿ ಎಳೆದು ನೋಡಿ. ಎಲ್ಲಿ ಸಲೀಸಾಗಿ ಜಾರುತ್ತದೋ ಅಲ್ಲಿ ಸಿಲಿಕೋನ್ ರಿಂಗ್ ಕೂತಿಲ್ಲ. ರಿಂಗ್ ಬಿಚ್ಚಿ ತೊಳೆಯಲು ಬರಬೇಕು. ಅದು ಕೂರುವ ಸಂದಿನಲ್ಲಿ ಹಿಟ್ಟು ಸೇರಿಕೊಂಡರೆ ಮುಚ್ಚಳ ಬಿಗಿಯುವುದಿಲ್ಲ, ಹುಳಕ್ಕೂ ಅದೇ ಊಟ. ಗುಂಡಿ ಒತ್ತಿದರೆ ಬಿಗಿಯುವ ಮುಚ್ಚಳಗಳನ್ನು ನೀರಿನಲ್ಲಿ ಮುಳುಗಿಸಿದರೆ ಒಳಗಿನ ಯಂತ್ರಭಾಗಕ್ಕೆ ನೀರು ಸೇರಿ ಅಲ್ಲೇ ನಿಲ್ಲುತ್ತದೆ. ತೊಳೆದ ಡಬ್ಬ ಒಂದಿಡೀ ದಿನ ಬಾಯಿ ತೆರೆದು ಒಣಗಲಿ. ಸಕ್ಕರೆ ಗಂಟು ಕಟ್ಟುವುದಕ್ಕೆ ಒದ್ದೆ ಚಮಚ ಮತ್ತು ಒಲೆಯ ಹಬೆಯೇ ಹೆಚ್ಚಿನ ಪಾಲು ಕಾರಣ, ಒಲೆಯ ಮೇಲಿನ ಹಲಗೆಯಲ್ಲಿ ಅದನ್ನು ಇಡಬೇಡಿ.

ಗಾಜಿಗೆ ವಾಸನೆ ಹತ್ತುವುದಿಲ್ಲ, ಮಸಾಲೆಗೆ ಅದೇ ಒಳ್ಳೆಯದು, ಆದರೆ ಭಾರ: ಎದೆಯ ಮಟ್ಟಕ್ಕಿಂತ ಕೆಳಗಿರಲಿ. ಪ್ಲಾಸ್ಟಿಕ್ ಆದರೆ ತಳದ ತ್ರಿಕೋನದಲ್ಲಿ 5 ಎಂದಿರುವುದನ್ನು ಆರಿಸಿ, ಅದು ಪಾಲಿಪ್ರೊಪಿಲೀನ್. ಸ್ಟೀಲಿನಲ್ಲಿ ಉಪ್ಪು ಬೇಡ, ತೇವ ಸೇರಿದರೆ ಸಣ್ಣ ಸಣ್ಣ ಚುಕ್ಕೆಯಾಗಿ ತುಕ್ಕು ಕೊರೆಯುತ್ತದೆ. ಬಾದಾಮಿ, ಅಕ್ರೋಟು, ಎಳ್ಳು, ತೌಡು ಸಹಿತದ ಹಿಟ್ಟು ಇವುಗಳಲ್ಲಿ ಎಣ್ಣೆಯಂಶ ಇದೆ. ಬಿಸಿಲು, ಸೆಕೆ ತಾಗಿದರೆ ಎಷ್ಟೇ ಬಿಗಿಯಾದ ಡಬ್ಬದಲ್ಲೂ ಕಮಟು ವಾಸನೆ ಬರುತ್ತದೆ. ಒಂದು ತಿಂಗಳಿಗೆ ಆಗುವಷ್ಟು ಹೊರಗಿಟ್ಟು ಮಿಕ್ಕದ್ದನ್ನು ಫ್ರಿಜ್ಜಿಗೆ ಹಾಕಿ. ಈರುಳ್ಳಿ, ಆಲೂಗಡ್ಡೆ ಮುಚ್ಚಿದ ಡಬ್ಬಕ್ಕೆ ಸೇರುವವೇ ಅಲ್ಲ.

ಉತ್ತರ 1 ಬರೆದವರಿಂದ ಮತ್ತೆ

ಹಿಂದಿನದು ಕಾಣದ ತೊಂದರೆಗೆ: 40 ಸೆಂ.ಮೀ. ಆಳದಲ್ಲಿ ಎರಡು ಸಾಲು ಬರುತ್ತದೆ. ಹಿಂದಿನ ಸಾಲಿನಲ್ಲಿ ಬೇರೆ ಸಾಮಾನು ಇಡದೆ, ಮುಂದಿರುವ ಡಬ್ಬದ್ದೇ ಒಡೆಯದ ಪ್ಯಾಕೆಟ್ ಇಡಿ. ಅಕ್ಕಿಯ ಹಿಂದೆ ಅಕ್ಕಿ, ಸಕ್ಕರೆಯ ಹಿಂದೆ ಸಕ್ಕರೆ. ಡಬ್ಬ ಎತ್ತಿದಾಗ ಹಿಂದೆ ಖಾಲಿ ಕಂಡರೆ ಅದನ್ನು ತರುವ ಪಟ್ಟಿಗೆ ಬರೆದರಾಯಿತು. ಚೀಟಿಯನ್ನು ಡಬ್ಬದ ಮೈಗೆ ಅಂಟಿಸಿ, ಮುಚ್ಚಳಕ್ಕಲ್ಲ, ತೊಳೆದಾಗ ಮುಚ್ಚಳಗಳು ಅದಲುಬದಲಾಗುತ್ತವೆ. ಪ್ಯಾಕೆಟ್ಟಿನ ಮೇಲಿದ್ದ ಕೊನೆಯ ದಿನಾಂಕವನ್ನು ಮಾಸ್ಕಿಂಗ್ ಟೇಪಿನ ತುಂಡಿನಲ್ಲಿ ಬರೆದು ಹಿಂಬದಿಗೆ ಹಚ್ಚಿ, ಪ್ರತಿ ಸಲ ತುಂಬುವಾಗ ಹಳೆಯ ತುಂಡನ್ನು ಕಿತ್ತು ಹೊಸದು ಹಾಕಿ.